ಮನೆಯಲ್ಲಿ ಮಾಡಿದ ಐಸ್ ಕ್ರೀಮ್, ಮೊಸರಿನ ಐಸ್ ಕ್ರೀಮ್ ಕಲ್ಲಾಗದಂತೆ ಏನು ಮಾಡಬೇಕು?

ಮೂರ್ನಾಡು_ಮನೆ
ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸಿಗೆ ರಜೆ, ದಿನಾ ಐಸ್ ಕ್ರೀಮ್ ಬೇಕಂತೆ. ಮನೆಯಲ್ಲೇ ಮಾಡಿಕೊಡೋಣ ಅಂತ ಹೊರಟಿದ್ದೇನೆ. ಹಾಲಿನದ್ದಕ್ಕಿಂತ ಮೊಸರಿನದ್ದೇ ನನಗೆ ಇಷ್ಟ, ಫ್ರೋಜನ್ ಯೋಗರ್ಟ್ ಅಂತಾರಲ್ಲ ಅದು. ರುಚಿ ಬರುತ್ತೆ, ಆದ್ರೆ ಐಸಿನ ಚೂರು ಹಲ್ಲಿಗೆ ಸಿಗುತ್ತೆ. ಮರುದಿನ ತೆಗೆದರೆ ಚಮಚವೇ ಇಳಿಯೋದಿಲ್ಲ. ಮೆಷಿನ್ ಇಲ್ಲ. ಮಿಕ್ಸಿ ಉಂಟು, ಮಾಮೂಲಿ ಡಬಲ್ ಡೋರ್ ಫ್ರಿಜ್ ಉಂಟು. ತೋಟದಲ್ಲಿ ಪ್ಯಾಶನ್ ಫ್ರೂಟ್ ಉಂಟು, ಬಟರ್‌ಫ್ರೂಟ್ ಇನ್ನು ಬಲಿಯಬೇಕು. ಗೊತ್ತಿದ್ದವರು ಬಿಡಿಸಿ ಹೇಳಿ.

ಗೋಣಿಕೊಪ್ಪ_ಕೇಕ್
ಅಕ್ಕ, ಸುಲಭ. ವಿಪ್ಪಿಂಗ್ ಕ್ರೀಮ್ ಗಟ್ಟಿಯಾಗಿ ಬೀಟ್ ಮಾಡಿ, ಒಂದು ಡಬ್ಬ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಫ್ರೀಜರಿಗೆ ಇಡಿ. ಕಲ್ಲಾಗೋದೇ ಇಲ್ಲ.

ಡೇರಿ_ಮೇಷ್ಟ್ರು
ಗೋಣಿಕೊಪ್ಪದವರು ಹೇಳಿದ್ದು ಸರಿ, ಆ ವಿಧಾನ ಕೈಕೊಡುವುದಿಲ್ಲ. ಏಕೆ ಕೈಕೊಡುವುದಿಲ್ಲ ಅನ್ನುವುದು ತಿಳಿದರೆ ಮೂರ್ನಾಡಿನ ತಂಗಿಯ ಮೊಸರೂ ಸರಿಯಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರು. ಮೊಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ ನೀರು ಹೆಪ್ಪುಗಟ್ಟಿ ಹರಳಾಗುತ್ತದೆ. ಹರಳು ಸಣ್ಣದಿದ್ದರೆ ನಾಲಿಗೆಗೆ ಗೊತ್ತಾಗುವುದಿಲ್ಲ, ನುಣ್ಣಗೆ ಅನ್ನಿಸುತ್ತದೆ. ದೊಡ್ಡದಾದರೆ ಹಲ್ಲಿಗೆ ಸಿಗುತ್ತದೆ. ಹರಳನ್ನು ಸಣ್ಣದಾಗಿಯೇ ಇರಿಸುವುದು ನಾಲ್ಕು ಸಂಗತಿ: ಕೊಬ್ಬು, ಸಕ್ಕರೆ, ಗಾಳಿ, ಬೇಗ ತಣಿಸುವುದು. ಇದರಲ್ಲಿ ಹೆಚ್ಚಿನವರು ಎಡವುವುದು ಸಕ್ಕರೆಯಲ್ಲಿ. ಸಕ್ಕರೆ ಸಿಹಿಗಷ್ಟೇ ಅಲ್ಲ. ಅದು ಕರಗಿರುವ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ. ಆ ಚಳಿಯಲ್ಲೂ ಒಂದಿಷ್ಟು ನೀರು ಹೆಪ್ಪುಗಟ್ಟದೆ ಪಾಕವಾಗಿ ಉಳಿದರೆ ಮಾತ್ರ ಚಮಚ ಇಳಿಯುತ್ತದೆ. ಆರೋಗ್ಯಕ್ಕೆ ಅಂತ ಸಕ್ಕರೆ ಅರ್ಧ ಮಾಡಿದರೆ ಕಲ್ಲೇ ಗತಿ. ಕಂಡೆನ್ಸ್ಡ್ ಮಿಲ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ, ನೀರು ಕಮ್ಮಿ. ಬೀಟ್ ಮಾಡಿದ ಕ್ರೀಮಿನಲ್ಲಿ ಕೊಬ್ಬೂ ಉಂಟು ಗಾಳಿಯೂ ಉಂಟು. ಹಾಗಾಗಿ ಅದು ಮೆಷಿನ್ ಇಲ್ಲದೆಯೂ ನುಣ್ಣಗಾಗುತ್ತದೆ.

ಈಗ ಮೊಸರು. ಒಂದು ಲೀಟರ್ ಕೆನೆಹಾಲಿನ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿ, ಜಾಲರಿ ಮೇಲೆ ಇಟ್ಟು, ಅಡಿಗೊಂದು ಪಾತ್ರೆ ಕೊಟ್ಟು ಫ್ರಿಜ್ಜಿನೊಳಗೆ ರಾತ್ರಿಯಿಡೀ ಬಿಡಿ. ಹೊರಗೆ ನೇತುಹಾಕಿದರೆ ಹುಳಿ ಏರುತ್ತದೆ. ಬೆಳಿಗ್ಗೆ ಸುಮಾರು ಅರ್ಧ ಕೆ.ಜಿ. ಗಟ್ಟಿ ಮೊಸರು ಸಿಗುತ್ತದೆ, ಉಳಿದದ್ದು ಪಾತ್ರೆಗೆ ಇಳಿದ ನೀರು. ಅರ್ಧ ಕೆ.ಜಿ.ಗೆ 100 ಗ್ರಾಂ ಪುಡಿ ಸಕ್ಕರೆ, 25 ಗ್ರಾಂ ಜೇನು, ಒಂದು ಚಿಟಿಕೆ ಉಪ್ಪು. ಮೊಸರನ್ನು ಬಿಸಿ ಮಾಡಬಾರದು, ಒಡೆಯುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಚಳಿಗೆ ಮಾತ್ರ ಅದು ಪೂರ್ತಿ ಸಾಯುವುದಿಲ್ಲ, ಬಹುಪಾಲು ನಿದ್ದೆ ಹೋಗುತ್ತದೆ ಅಷ್ಟೇ. ಚೆನ್ನಾಗಿ ಕಲಸಿ, ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿ ಫ್ರೀಜರಿಗೆ ಇಡಿ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಮೆತ್ತಗಿರುವಾಗ ಮಿಕ್ಸಿಗೆ ಹಾಕಿ ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ಜಾಸ್ತಿ ತಿರುಗಿಸಿದರೆ ಜಾರಿನ ಬಿಸಿಗೆ ಕರಗುತ್ತದೆ. ಮತ್ತೆ ಫ್ರೀಜರ್, ಇನ್ನೊಂದು ಸಲ ಮಿಕ್ಸಿ. ಆಮೇಲೆ ಡಬ್ಬಕ್ಕೆ ತುಂಬಿ, ಮೇಲೆ ಬಟರ್ ಪೇಪರನ್ನು ಮೈಗೆ ಅಂಟುವಂತೆ ಒತ್ತಿ ಮುಚ್ಚಿ.

ಪೊನ್ನಂಪೇಟೆ_ಅಕ್ಕ
ಮೇಷ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆ ಇಳಿದ ನೀರು ಚೆಲ್ಲಬೇಡಿ ಅಂತ ನನ್ನದೊಂದು ಮಾತು. ಚಪಾತಿ ಹಿಟ್ಟು ಅದರಲ್ಲೇ ಕಲಸಿ, ಮೆತ್ತಗೆ ಬರುತ್ತೆ. ಸಾರಿಗೂ ಆಗುತ್ತೆ.

ಮಡಿಕೇರಿ_ಸ್ಟೂವರ್ಟ್‌ಹಿಲ್
ಮಳೆಗಾಲದಲ್ಲಿ ನಮ್ಮಲ್ಲಿ ಮೊಸರೇ ಹೆಪ್ಪಾಗೋದಿಲ್ಲ, ಅದಕ್ಕೇನು ಮಾಡ್ತೀರಿ ಎಲ್ಲರೂ? ಜುಲೈನಲ್ಲಿ ರಾತ್ರಿ ಹಾಕಿದ್ದು ಬೆಳಿಗ್ಗೆ ಹಾಲಾಗಿಯೇ ಇರುತ್ತೆ.

ಪೊನ್ನಂಪೇಟೆ_ಅಕ್ಕ
ಹಾಲು ಬೆರಳಿಗೆ ಹಿತವಾಗಿ ಬೆಚ್ಚಗಿರಬೇಕು, ಹೆಪ್ಪು ಒಂದು ಚಮಚ ಜಾಸ್ತಿ. ಪಾತ್ರೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಿ. ಸೌದೆ ಒಲೆ ಇರುವ ಮನೆಯಾದರೆ ಒಲೆ ಆರಿಸಿದ ಮೇಲೆ ಅದರ ಪಕ್ಕದ ಕಟ್ಟೆ. ಹೊಗೆ ವಾಸನೆ ಹಿಡಿಯದ ಹಾಗೆ ಮುಚ್ಚಳ ಬಿಗಿಯಾಗಿರಲಿ.

ಡೇರಿ_ಮೇಷ್ಟ್ರು
40ರಿಂದ 43 ಡಿಗ್ರಿ ಸರಿಯಾದ ಬಿಸಿ. ಬೆಚ್ಚಗಿನ ಜಾಗದಲ್ಲಿ ಬೇಗ ಹೆಪ್ಪಾದ ಮೊಸರನ್ನು ಕೂಡಲೇ ಫ್ರಿಜ್ಜಿಗೆ ಇಟ್ಟರೆ ಹುಳಿ ಕಮ್ಮಿ, ಐಸ್ ಕ್ರೀಮಿಗೆ ಅದೇ ಬೇಕು.

ಕೊಡಗಿನವರು ಹಾಲಿನ ವಿಷಯದಲ್ಲಿ ಹೆಮ್ಮೆಪಡಬೇಕು ಅಂತ ಸಂದರ್ಭ ಬಂದಾಗೆಲ್ಲ ಹೇಳುತ್ತೇನೆ. ಇಂದು ಕೆಎಂಎಫ್ ಅಡಿಯಲ್ಲಿರುವ ಹಾಲು ಸಹಕಾರ ಸಂಘಗಳಲ್ಲಿ ಮೊದಲನೆಯದು 1955ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ. ಕಾಫಿ, ಕಾಳುಮೆಣಸು ಅಂತ ಮಾತ್ರ ನಮ್ಮನ್ನು ನೆನೆಯುವವರಿಗೆ ಇದು ಗೊತ್ತಿರುವುದಿಲ್ಲ.

ಗೋಣಿಕೊಪ್ಪ_ಕೇಕ್
ಮೇಷ್ಟ್ರೇ, ಕೇಕಿಗೆ ತರುವ ವಿಪ್ಪಿಂಗ್ ಕ್ರೀಮೇ ಆಗುತ್ತಲ್ವಾ? ಅದು ಚೆನ್ನಾಗಿ ಉಬ್ಬುತ್ತೆ.

ಡೇರಿ_ಮೇಷ್ಟ್ರು
ಉಬ್ಬುತ್ತದೆ, ಆದರೆ ಪ್ಯಾಕೆಟ್ ಹಿಂದೆ ಓದಿ ನೋಡಿ. ಕೇಕಿನವರು ತರುವುದರಲ್ಲಿ ಹೆಚ್ಚಿನದು ಹಾಲಿನದ್ದಲ್ಲ, ತಾಳೆ ಎಣ್ಣೆಯಂಥ ಸಸ್ಯದ ಕೊಬ್ಬು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಬರೀ ‘ಐಸ್ ಕ್ರೀಮ್’ ಅಂತ ಮಾರಲು ನೂರಕ್ಕೆ ಕನಿಷ್ಠ 10ರಷ್ಟು ಹಾಲಿನ ಕೊಬ್ಬು ಇರಬೇಕು. ಸಸ್ಯದ ಕೊಬ್ಬಿನದಾದರೆ ‘ಫ್ರೋಜನ್ ಡೆಸರ್ಟ್’ ಅಂತಲೇ ಬರೆಯಬೇಕು. ಮನೆಯಲ್ಲಿ ಮಕ್ಕಳಿಗೆ ಮಾಡುವಾಗ ನಾನಂತೂ ಹಾಲಿನದ್ದೇ ಬಳಸಿ ಅನ್ನುತ್ತೇನೆ. ಬಾಯಲ್ಲಿ ಕರಗುವ ರೀತಿಯೇ ಬೇರೆ.

ಕ್ರೀಮ್ ಹೆಚ್ಚು ಬೇಡ ಅನ್ನುವವರಿಗೆ ಇನ್ನೊಂದು ಲೆಕ್ಕ. ನೂರಕ್ಕೆ 6ರಷ್ಟು ಕೊಬ್ಬಿನ ಕೆನೆಹಾಲು ಅರ್ಧ ಲೀಟರ್. ಅದನ್ನು ಕಾಯಿಸಿ ಒಂದು ಲೋಟದಷ್ಟು ಕಮ್ಮಿಯಾಗುವವರೆಗೆ ಇಂಗಿಸಿ. ಹಾಲಿನ ಪುಡಿ 40 ಗ್ರಾಂ, ಸಕ್ಕರೆ 130 ಗ್ರಾಂ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಕದಡಿ ಹಾಕಿ ಕುದಿಸಿ. ಆರಿದ ಮೇಲೆ 25% ಕೊಬ್ಬಿನ ಫ್ರೆಶ್ ಕ್ರೀಮ್ 250 ಮಿ.ಲೀ. ಬೆರೆಸಿ. ಆ ನಿಯಮದ 10ರ ಗಡಿ ಇದರಲ್ಲಿ ಆರಾಮಾಗಿ ದಾಟುತ್ತದೆ. ಕೂಡಲೇ ಫ್ರೀಜರಿಗೆ ಇಡಬೇಡಿ, ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇರಲಿ. ಕೊಬ್ಬು ಗಟ್ಟಿಯಾಗಿ, ಪುಡಿ ನೀರು ಹೀರಿಕೊಂಡು ಮಿಶ್ರಣ ದಪ್ಪಗಾಗುತ್ತದೆ. ಹಾಲಿನ ಪುಡಿ ಇನ್ನೂ ಜಾಸ್ತಿ ಸುರಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹರಳುಗಟ್ಟಿ ಮರಳಿನ ಹಾಗೆ ಸಿಗುತ್ತದೆ.

ಸಿದ್ದಾಪುರ_ತೋಟ
ಕಾಫಿ ಐಸ್ ಕ್ರೀಮ್ ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ! ಕೊಡಗಿನಲ್ಲಿ ಕೂತು ಇನ್‌ಸ್ಟಂಟ್ ಪುಡಿ ಹಾಕೋದು ನನಗೆ ಒಪ್ಪಿಗೆ ಇಲ್ಲ. ನಾನು ಫಿಲ್ಟರಿನ ಮೊದಲ ಡಿಕಾಕ್ಷನ್ ಹಾಕ್ತೇನೆ. ನಮ್ಮದು ರೊಬಸ್ಟಾ, ಕಡು ಬರುತ್ತೆ.

ಶನಿವಾರಸಂತೆ_ಹುಡುಗ
ಡಿಕಾಕ್ಷನ್ ಅಂದ್ರೆ ನೀರೇ ಅಲ್ವಾ ಅಣ್ಣ? ಮೇಷ್ಟ್ರು ಹೇಳಿದ ಪ್ರಕಾರ ಅದು ಐಸಾಗುತ್ತೆ. ಬೀಜವನ್ನೇ ಹಾಲಿನಲ್ಲಿ ನೆನೆಸಿ. 50 ಗ್ರಾಂ ಹುರಿದ ಬೀಜ, ಪುಡಿ ಮಾಡಬೇಡಿ, ಲಟ್ಟಣಿಗೆಯಿಂದ ಒಂದೇಟು ಕೊಟ್ಟು ಒಡೆದರೆ ಸಾಕು. ಅರ್ಧ ಲೀಟರ್ ಬಿಸಿ ಹಾಲಿಗೆ ಹಾಕಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ಸೋಸಿ. ಹಾಲಿನ ಬಣ್ಣ ಹೆಚ್ಚು ಬದಲಾಗೋದಿಲ್ಲ, ಆದ್ರೆ ಪರಿಮಳ ಪೂರ್ತಿ ಇಳಿದಿರುತ್ತೆ. ಬಟ್ಟಲಿಗೆ ಹಾಕಿಕೊಟ್ಟರೆ ವೆನಿಲಾ ಅಂತ ತಿಳ್ಕೊಂಡು ಬಾಯಿಗಿಟ್ಟವರ ಮುಖ ನೋಡಬೇಕು. ಸೋಸುವಾಗ ಬೀಜ ಒಂದಿಷ್ಟು ಹಾಲು ಹೀರಿರುತ್ತೆ, ಅಳತೆ ನೋಡಿ ಮತ್ತೆ ಸೇರಿಸಿ.

ಸಿದ್ದಾಪುರ_ತೋಟ
ಪರಿಮಳ ಬರಬಹುದು ತಮ್ಮ, ಆ ಕಹಿ ಬರಬೇಕಲ್ಲ. ಕಾಫಿ ಅಂದ್ರೆ ನಾಲಿಗೆಯ ಹಿಂಬದಿಗೆ ಒಂದು ಹಿಡಿತ ಬೇಕು. ನಾನು 60 ಮಿ.ಲೀ. ಡಿಕಾಕ್ಷನ್ ಹಾಕುವಾಗ ಅಷ್ಟೇ ಹಾಲು ಕಮ್ಮಿ ಮಾಡ್ತೇನೆ. ಚಿಕೋರಿ ಬೆರೆಸದ ಪುಡಿ.

ಡೇರಿ_ಮೇಷ್ಟ್ರು
ಇಬ್ಬರದೂ ನಡೆಯುತ್ತದೆ. ಅರೇಬಿಕಾ ಇದ್ದವರು ಬೀಜ ನೆನೆಸಿ, ಅದರ ಪರಿಮಳವೇ ಸೊಗಸು. ರೊಬಸ್ಟಾದವರು ಡಿಕಾಕ್ಷನ್ ಹಾಕಿ. ಮಕ್ಕಳಿಗೆ ಕೊಡುವುದಾದರೆ ಒಂದು ಎಚ್ಚರ, ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು. ಸಂಜೆ ಮೇಲೆ ಬೇಡ.

ನಾಪೋಕ್ಲು_ಜೇನು
ಸಕ್ಕರೆ ಪೂರ್ತಿ ಬಿಟ್ಟು ಬರೀ ಜೇನು ಹಾಕಬಹುದಾ? ಮನೆಯಲ್ಲೇ ತುಡುವೆ ಪೆಟ್ಟಿಗೆ ಇವೆ.

ಡೇರಿ_ಮೇಷ್ಟ್ರು
ಪೂರ್ತಿ ಬೇಡ. ಜೇನಿನಲ್ಲಿರುವುದು ಫ್ರಕ್ಟೋಸ್, ಗ್ಲೂಕೋಸ್. ಇವು ಸಣ್ಣ ಅಣುಗಳು, ಅಷ್ಟೇ ತೂಕದ ಸಕ್ಕರೆಗಿಂತ ಹೆಪ್ಪುಗಟ್ಟುವುದನ್ನು ಹೆಚ್ಚು ತಡೆಯುತ್ತವೆ. ಪೂರ್ತಿ ಜೇನಾದರೆ ಡಬ್ಬದಲ್ಲಿ ಅಂಬಲಿಯಂತೆ ಮೆತ್ತಗೇ ಉಳಿಯುತ್ತದೆ. ಸಕ್ಕರೆಯ ನಾಲ್ಕನೇ ಒಂದು ಭಾಗಕ್ಕೆ ಬದಲು ಜೇನು ಹಾಕಿ, ಹೆಚ್ಚೆಂದರೆ ಮೂರನೇ ಒಂದು. ಕಲ್ಲಾಗುತ್ತದೆ ಅನ್ನುವವರಿಗೆ ಇದೇ ಒಳ್ಳೆಯ ಮದ್ದು. ಬೆಲ್ಲ ಹಾಕುವವರು ಹಾಲು ಪೂರ್ತಿ ಆರಿದ ಮೇಲೆ ಸೋಸಿದ ಗಟ್ಟಿ ಪಾಕವನ್ನು ಸೇರಿಸಿ, ಬಿಸಿ ಹಾಲಿಗೆ ಹಾಕಿದರೆ ಒಡೆಯಬಹುದು.

ಮೂರ್ನಾಡು_ಮನೆ
ಮೇಷ್ಟ್ರು ಹೇಳಿದ ಹಾಗೆ ಮೊಸರು ಕಟ್ಟಿ ಮಾಡಿದೆ. ತುಂಬಾ ನುಣ್ಣಗೆ ಬಂತು! ಪ್ಯಾಶನ್ ಫ್ರೂಟಿನ ತಿರುಳು ಬೀಜದ ಸಮೇತ ಮೇಲೆ ಹಾಕಿಕೊಟ್ಟೆ, ಬೀಜ ಕಟುಂ ಅಂತ ಸಿಗೋದು ಮಕ್ಕಳಿಗೆ ಖುಷಿ. ಇನ್ನೊಂದು ಪ್ರಶ್ನೆ. ಪಕ್ಕದ ಮನೆಯವರು ಅನಾನಸ್ ಹಾಕಿ ಮಾಡಿದ್ದು ಕಹಿಯಾಗಿದೆ. ಅನಾನಸ್ ಸಿಹಿಯಾಗಿಯೇ ಇತ್ತಂತೆ. ಯಾಕಿರಬಹುದು?

ಡೇರಿ_ಮೇಷ್ಟ್ರು
ಹಸಿ ಅನಾನಸಿನಲ್ಲಿ ಬ್ರೋಮಿಲೈನ್ ಅನ್ನುವ ಕಿಣ್ವ ಉಂಟು. ಹಾಲಿನ ಪ್ರೋಟೀನನ್ನು ಅದು ಕತ್ತರಿಸುತ್ತದೆ, ಕಹಿ ಬರುವುದು ಅದರಿಂದ. ಹೆಚ್ಚಿದ ಹಣ್ಣನ್ನು ಸಕ್ಕರೆ ಜೊತೆ ಐದಾರು ನಿಮಿಷ ಕುದಿಸಿ ಆರಿಸಿ ಹಾಕಲಿ, ಕಿಣ್ವ ಸಾಯುತ್ತದೆ. ಕಿವಿ ಹಣ್ಣಿಗೂ ಇದೇ ಮಾತು. ಪ್ಯಾಶನ್ ಫ್ರೂಟಿಗೆ ಆ ತೊಂದರೆ ಇಲ್ಲ. ಅಂದ ಹಾಗೆ, ‘ಕಾವೇರಿ’ ಅನ್ನುವ ಪ್ಯಾಶನ್ ಫ್ರೂಟ್ ತಳಿ ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದಲೇ ಬಂದದ್ದು. ಬಟರ್‌ಫ್ರೂಟಿನ ‘ಅರ್ಕಾ ಸುಪ್ರೀಂ’ ಕೂಡ ಅಲ್ಲಿಯದ್ದೇ.

ಅಮ್ಮತ್ತಿ_ಅಡುಗೆ
ಬಟರ್‌ಫ್ರೂಟಿನ ಮಾತು ಬಂತಲ್ಲ, ಇದು ನನ್ನ ವಿಷಯ. ಮಳೆಗಾಲದಲ್ಲಿ ಮರದಡಿ ಬಿದ್ದು ಕೊಳೆಯುವಷ್ಟು ಹಣ್ಣು, ಜ್ಯೂಸ್ ಮಾಡಿ ಮಾಡಿ ಸಾಕಾಗಿರುತ್ತೆ. ಐಸ್ ಕ್ರೀಮಿಗೆ ಇಷ್ಟು ಹೇಳಿಮಾಡಿಸಿದ ಹಣ್ಣು ಇನ್ನೊಂದಿಲ್ಲ, ಕೊಬ್ಬು ಹಣ್ಣಿನೊಳಗೇ ಇದೆ, ಕ್ರೀಮೇ ಬೇಡ. ತಿರುಳು 400 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ ಅರ್ಧ ಡಬ್ಬ, ಕಾಯಿಸಿ ಆರಿಸಿದ ಹಾಲು ಒಂದು ಲೋಟ, ಒಂದು ನಿಂಬೆಹಣ್ಣಿನ ರಸ, ಚೂರು ಉಪ್ಪು. ಎಲ್ಲ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ ನೇರ ಫ್ರೀಜರಿಗೆ.

ಹಣ್ಣಿನ ಆಯ್ಕೆಯಲ್ಲೇ ಎಲ್ಲ ಇರೋದು. ತೊಟ್ಟಿನ ಹತ್ರ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ತಗ್ಗಬೇಕು, ಆದ್ರೆ ಸಿಪ್ಪೆಯೊಳಗೆ ಗುಳುಗುಳು ಅನ್ನಬಾರದು. ಸೀಳಿದಾಗ ಬೀಜ ತಾನಾಗಿ ಬಿಟ್ಟುಕೊಳ್ಳಬೇಕು. ಸಿಪ್ಪೆಗೆ ತಾಗಿದ ಕಡು ಹಸಿರು ಪದರವನ್ನೂ ಚಮಚದಲ್ಲಿ ಕೆರೆದು ಹಾಕಿ, ಬಣ್ಣ ಬರೋದು ಅದರಿಂದಲೇ. ಕಪ್ಪು ನಾರು ಕಂಡರೆ ತೆಗೆದುಬಿಡಿ. ಒಲೆ ಮೇಲೆ ಇಡಲೇಬೇಡಿ, ಬಟರ್‌ಫ್ರೂಟ್ ಬಿಸಿಯಾದರೆ ಕಹಿ. ಏಲಕ್ಕಿ ಹಾಕ್ತೀರಾದರೆ ಎರಡೇ ಕಾಳು, ಹಸಿರು ಸಿಪ್ಪೆಯದ್ದು, ಆಗಲೇ ಬಿಡಿಸಿ ಕುಟ್ಟಿದ್ದು.

ಪೊನ್ನಂಪೇಟೆ_ಅಕ್ಕ
ಕಕ್ಕಡ ಹದಿನೆಂಟಕ್ಕೆ, ಅಂದ್ರೆ ಆಟಿ ತಿಂಗಳ ಹದಿನೆಂಟನೇ ದಿನ, ಔಷಧಿ ಅಂತ ತಿನ್ನುವ ಮದ್ದ್ ಸೊಪ್ಪಿನ ಪಾಯಸ ಮಾಡ್ತೇವಲ್ಲ, ಅದನ್ನೇ ಐಸ್ ಕ್ರೀಮ್ ಮಾಡಿದವರು ಇದ್ದೀರಾ? ನೇರಳೆ ಬಣ್ಣ ನೋಡಿದಾಗೆಲ್ಲ ಅನ್ನಿಸುತ್ತೆ.

ಅಮ್ಮತ್ತಿ_ಅಡುಗೆ
ಮಾಡಿದ್ದೇನೆ ಅಕ್ಕ. ಬಹಳ ಚೆಂದ. ಸೊಪ್ಪು, ಕಾಂಡ ಎಲ್ಲ ಬೇಯಿಸಿ ಸೋಸಿದ ನೀರನ್ನು ಸಣ್ಣ ಉರಿಯಲ್ಲಿ ಐದನೇ ಒಂದು ಭಾಗಕ್ಕೆ ಇಂಗಿಸಿ. ಅರ್ಧ ಲೀಟರ್ ಇದ್ದದ್ದು ಅರ್ಧ ಲೋಟಕ್ಕೆ ಇಳಿಯಬೇಕು. ದನದ ಹಾಲು ಬೇಡ, ತೆಂಗಿನಕಾಯಿಯ ಮೊದಲನೇ ಗಟ್ಟಿ ಹಾಲು ಅರ್ಧ ಲೀಟರ್ ತಗೊಳ್ಳಿ. ಅದಕ್ಕೆ ಎರಡು ಚಮಚ ಅಕ್ಕಿ ಹಿಟ್ಟು ಕದಡಿ, ಕೈಬಿಡದೆ ತಿರುಗಿಸುತ್ತಾ ಸಣ್ಣ ಉರಿಯಲ್ಲಿ ಬೇಯಿಸಿ ಆರಿಸಿ. ಬೆಲ್ಲದ ಪಾಕ, ಇಂಗಿಸಿದ ರಸ ಸೇರಿಸಿ. ಪಾಯಸದ ಅದೇ ಘಮ, ತಣ್ಣಗೆ. ಹೊರಗಿನಿಂದ ಬಂದ ನೆಂಟರಿಗೆ ಕೊಡುವ ಮೊದಲೇ ತಿಳಿಸಿ, ಮರುದಿನ ಮೂತ್ರ ಕೆಂಪಗೆ ಹೋಗುತ್ತೆ, ಗೊತ್ತಿಲ್ಲದವರು ಗಾಬರಿಯಾಗ್ತಾರೆ.

ಮಡಿಕೇರಿ_ಸ್ಟೂವರ್ಟ್‌ಹಿಲ್
ಕಿತ್ತಳೆಯಲ್ಲಿ ಯಾರಾದರೂ? ಕೊಡಗಿನ ಕಿತ್ತಳೆಗೆ ಆ ಹುಳಿ ಸಿಹಿ ಬೇರೆ ಎಲ್ಲೂ ಇಲ್ಲ. ತೋಟಗಳಲ್ಲಿ ಮರ ಕಮ್ಮಿಯಾಗಿರುವಾಗ ಸಿಕ್ಕಿದ ಹಣ್ಣನ್ನು ಒಳ್ಳೆಯದಕ್ಕೇ ಬಳಸಬೇಕು ಅಂತ ಆಸೆ.

ಡೇರಿ_ಮೇಷ್ಟ್ರು
ಹಾಲಿಗೆ ಹಾಕಬೇಡಿ, ಬರೀ ರಸದ್ದೇ ಮಾಡಿ. ಸಕ್ಕರೆ ಸಾಕಾ ಅಂತ ನೋಡಲು ಒಂದು ಹಳೆಯ ಉಪಾಯ ಉಂಟು. ಸೋಸಿದ ರಸಕ್ಕೆ ಸಕ್ಕರೆ ಕರಗಿಸಿ, ಚೆನ್ನಾಗಿ ತೊಳೆದ ತಾಜಾ ಮೊಟ್ಟೆಯನ್ನು ಸಿಪ್ಪೆ ಸಮೇತ ಮೆಲ್ಲಗೆ ಬಿಡಿ. ಮುಳುಗಿದರೆ ಸಕ್ಕರೆ ಸಾಲದು. ತೇಲಿ, ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕಂಡರೆ ಸರಿ. ಅದಕ್ಕಿಂತ ಹೆಚ್ಚು ಮೇಲೆ ಬಂದರೆ ಸ್ವಲ್ಪ ರಸ ಸೇರಿಸಿ. ಮೊಟ್ಟೆ ತೆಗೆದಿಟ್ಟು, ಕಿತ್ತಳೆ ಸಿಪ್ಪೆಯ ಬಣ್ಣದ ಮೇಲ್ಪದರವನ್ನಷ್ಟೇ ತುರಿದು ಹಾಕಿ, ತಟ್ಟೆಯಲ್ಲಿ ಹರಡಿ ಮಿಕ್ಸಿ ವಿಧಾನವನ್ನೇ ಮಾಡಿ.

ಸಿದ್ದಾಪುರ_ತೋಟ
ಅದಕ್ಕೆ ಒಂದು ಚಮಚ ರಮ್ ಹಾಕಿದರೆ ಇನ್ನೂ ಮೆತ್ತಗೆ. ದೊಡ್ಡವರ ಪಾಲಿಗೆ ಮಾತ್ರ.

ಶನಿವಾರಸಂತೆ_ಹುಡುಗ
ಫ್ರೀಜರೇ ಇಲ್ಲದವರೂ ಮಾಡಬಹುದು ಅಂತ ಹೇಳ್ಬೇಕು. ಅಂಗಡಿಯಿಂದ ಐಸ್ ತಂದು ಕುಟ್ಟಿ, ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ ದೊಡ್ಡ ಬಕೆಟಿಗೆ ತುಂಬಿ. ಅದರ ನಡುವೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ ಹೂತು ಆ ಕಡೆ ಈ ಕಡೆ ತಿರುಗಿಸ್ತಾ ಇರಿ. ಆಗಾಗ ಮುಚ್ಚಳ ತೆಗೆದು ಗೋಡೆಗೆ ಅಂಟಿದ್ದನ್ನು ಕೆರೆದು ಒಳಗೆ ತಳ್ಳಿ. ಉಪ್ಪು ಬಿದ್ದ ಐಸ್ ಕರಗುವಾಗ ಡಬ್ಬದ ಬಿಸಿಯನ್ನೇ ಎಳ್ಕೊಳ್ಳುತ್ತೆ, ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ. ಹಿಡಿಕೆ ತಿರುಗಿಸುವ ಡಬ್ಬಕ್ಕೆ 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಅನ್ನುವ ಹೆಂಗಸು ಪೇಟೆಂಟ್ ತಗೊಂಡಿದ್ರು, ಅದೇ ತತ್ವ. ಬರಿಗೈಯಲ್ಲಿ ಆ ಉಪ್ಪು ಐಸ್ ಮುಟ್ಟಬೇಡಿ, ಚರ್ಮ ಸುಡುತ್ತೆ. ಒಳಗೆ ಒಂದು ಹನಿ ಉಪ್ಪು ನೀರು ಹೋದರೂ ಎಲ್ಲ ಹಾಳು.

ಮೂರ್ನಾಡು_ಮನೆ
ಜೂನ್ ಬಂದ್ರೆ ನಮ್ಮಲ್ಲಿ ಮರ ಬಿದ್ದು ಲೈನ್ ಹರಿದು ದಿನಗಟ್ಟಲೆ ಕರೆಂಟ್ ಇರೋದಿಲ್ಲ. ಬಟರ್‌ಫ್ರೂಟ್ ಆಗುವ ಹೊತ್ತೂ ಅದೇ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಹುದಾ?

ಡೇರಿ_ಮೇಷ್ಟ್ರು
ಬೇಡ. ಒಳಗಿನ ಗಾಳಿ ಹೋಗಿರುತ್ತದೆ, ಸಣ್ಣ ಹರಳು ಕರಗಿ ದೊಡ್ಡದಾಗಿ ಕೂರುತ್ತದೆ, ರುಚಿಯ ಮಾತು ಅದು. ಅದಕ್ಕಿಂತ ಮುಖ್ಯ, ಬೆಚ್ಚಗಾದ ಹಾಲಿನ ಪದಾರ್ಥದಲ್ಲಿ ಬೆಳೆದ ಬ್ಯಾಕ್ಟೀರಿಯಾ ಮತ್ತೆ ಚಳಿಗಿಟ್ಟರೆ ಸಾಯುವುದಿಲ್ಲ. ಕರಗಿದ್ದು ಇನ್ನೂ ಕೊರೆಯುವಷ್ಟು ತಣ್ಣಗಿದ್ದರೆ ಮಿಲ್ಕ್‌ಶೇಕ್ ಅಂತ ಕೂಡಲೇ ಕುಡಿದುಬಿಡಿ. ಬೆಚ್ಚಗಾಗಿದ್ದರೆ ಚೆಲ್ಲಿ, ಮಕ್ಕಳಿಗಂತೂ ಕೊಡಲೇಬೇಡಿ.

ಮೊದಲೇ ಮಾಡಿಟ್ಟುಕೊಳ್ಳಬಹುದಾದ ಏರ್ಪಾಡು ಒಂದುಂಟು. ಲೀಟರಿಗೆ 100 ಗ್ರಾಂ ಉಪ್ಪು ಕರಗಿಸಿದ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಕುತ್ತಿಗೆಯ ಕೆಳಗೆ ಜಾಗ ಬಿಡಿ. ಫ್ರೀಜರಿನ ಖಾಲಿ ಜಾಗಕ್ಕೆಲ್ಲ ಇವನ್ನೇ ತುರುಕಿ. ಬರೀ ನೀರಿನ ಐಸ್ ಕರಗುವುದು ಸೊನ್ನೆಯಲ್ಲಿ, ಅಷ್ಟರೊಳಗೆ ಐಸ್ ಕ್ರೀಮ್ ನೀರಾಗಿರುತ್ತದೆ. ಉಪ್ಪು ನೀರಿನದ್ದು ಮೈನಸ್ 6ಕ್ಕಿಂತ ಕೆಳಗೇ ಕರಗುತ್ತಾ ಆ ಚಳಿಯನ್ನು ಹಿಡಿದಿಡುತ್ತದೆ. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯಬೇಡಿ.

ಗೋಣಿಕೊಪ್ಪ_ಕೇಕ್
ಈ ಬಾಟಲಿ ಉಪಾಯ ನನಗೆ ಬೇಕಿತ್ತು! ಮುಂದಿನ ತಿಂಗಳು ವಿರಾಜಪೇಟೆಯ ಒಂದು ನಾಮಕರಣಕ್ಕೆ ಐಸ್ ಕ್ರೀಮ್ ಕೇಳಿದ್ದಾರೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇವನ್ನೇ ಇಟ್ಟು ಒಯ್ಯಬಹುದಲ್ವಾ? ಮತ್ತೆ ಅವರು ಮೊಟ್ಟೆ ಹಾಕಿದರೂ ಆಗುತ್ತೆ ಅಂದಿದ್ದಾರೆ. ನಾಟಿ ಮೊಟ್ಟೆ ಎಷ್ಟು ಹಾಕಲಿ?

ಡೇರಿ_ಮೇಷ್ಟ್ರು
ಒಯ್ಯಬಹುದು. ಅಡಿಗೆ, ಸುತ್ತ, ಮೇಲೆ, ಮೂರೂ ಕಡೆ ಬಾಟಲಿ ಇರಲಿ. ಐಸ್ ಕ್ರೀಮ್ ಹಿಂದಿನ ದಿನವೇ ಪೂರ್ತಿ ಗಟ್ಟಿಯಾಗಿರಬೇಕು, ಹೊರಡುವ ಗಳಿಗೆಯಲ್ಲಿ ಪೆಟ್ಟಿಗೆಗೆ ತುಂಬಿ ಟೇಪ್ ಹಾಕಿ.

ಮೊಟ್ಟೆಯ ಹಳದಿ ಮಾತ್ರ, ಮುಕ್ಕಾಲು ಲೀಟರ್ ಮಿಶ್ರಣಕ್ಕೆ ನಾಲ್ಕು. ನಾಟಿ ಮೊಟ್ಟೆ ಚಿಕ್ಕದು, ಐದು ಹಾಕಿ. ಕಾರ್ನ್‌ಫ್ಲೋರ್ ಬಿಟ್ಟುಬಿಡಿ. ಹಳದಿಗೆ ಸಕ್ಕರೆ ಕಲಸಿ, ಬಿಸಿ ಹಾಲನ್ನು ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ತಿರುಗಿಸಿ, ಮತ್ತೆ ಸಣ್ಣ ಉರಿಗಿಡಿ. ಥರ್ಮಾಮೀಟರ್ ಇದ್ದರೆ 82 ಡಿಗ್ರಿ. ಇಲ್ಲದಿದ್ದರೆ ಮರದ ಸೌಟಿನ ಹಿಂಬದಿಗೆ ಅಂಟಿದ್ದರ ಮೇಲೆ ಬೆರಳಿಂದ ಗೆರೆ ಎಳೆಯಿರಿ, ಗೆರೆ ಕೂಡಿಕೊಳ್ಳದೆ ನಿಂತರೆ ಆಯಿತು. ಕುದಿ ಬಂದರೆ ಮೊಟ್ಟೆ ಗಂಟುಗಂಟಾಗುತ್ತದೆ. ಕೂಡಲೇ ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ, ಆಮೇಲೆ ಕ್ರೀಮ್ ಬೆರೆಸಿ. ಬಡಿಸುವ ಕಡೆ ಒಂದು ಚೀಟಿಯಲ್ಲಿ ‘ಮೊಟ್ಟೆ ಹಾಕಿದೆ’ ಅಂತ ಬರೆದಿಡಿ, ನಾಮಕರಣಕ್ಕೆ ತಿನ್ನದವರೂ ಬಂದಿರುತ್ತಾರೆ.